ಯುಡಿಐಡಿ, ನಿರಾಮಯ, ಪಿಂಚಣಿ: ಅಕ್ಕ ಕೇಳಿದ್ದಕ್ಕೆ ಉತ್ತರ

ಅಕ್ಕಾ, ನಮಸ್ಕಾರ. ಮಗನಿಗೆ ಡೌನ್ ಸಿಂಡ್ರೋಮ್, 17 ನಡೀತಿದೆ, ಕೈಲಿರೋದು ಹಳೇ ಕಾಗದದ ಸರ್ಟಿಫಿಕೇಟ್, ನಿರಾಮಯ ಆರೋಗ್ಯ ವಿಮೆ, ಅಂಗವಿಕಲರ ಪಿಂಚಣಿ ಸಿಗುತ್ತಾ ಅಂತ ಕೇಳಿದ್ದೀರಿ. ಮೊದಲು ಆ ಸರ್ಟಿಫಿಕೇಟಿನಲ್ಲಿ ಯಾವ ವಿಧದ ಅಂಗವೈಕಲ್ಯ ಅಂತ ಬರೆದಿದ್ದಾರೆ ನೋಡಿ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧಗಳಿವೆ, ಡೌನ್ ಸಿಂಡ್ರೋಮ್ ಅನ್ನೋ ಹೆಸರು ಅದರಲ್ಲಿಲ್ಲ. ನಮ್ಮ ಮಕ್ಕಳು ಬೌದ್ಧಿಕ ಅಂಗವೈಕಲ್ಯದ ಕೆಳಗೆ ಬರಬೇಕು. ಯುಡಿಐಡಿ ಅಂದರೆ ಅಂಗವಿಕಲರ ಗುರುತಿನ ಕಾರ್ಡ್, ಅದಕ್ಕೆ ಸ್ವಾವಲಂಬನ್ ಅನ್ನೋ ಸರ್ಕಾರಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಗೊತ್ತಿಲ್ಲದೆ 'ಮೆಂಟಲ್ ಇಲ್‌ನೆಸ್' ಆಯ್ಕೆ ಮಾಡಿಬಿಟ್ಟರೆ ಕೆಲಸ ಕೆಟ್ಟಿತು. ಅದು ಮನೋರೋಗದ ವಿಭಾಗ. ನಿರಾಮಯ ನಡೆಸೋ ನ್ಯಾಷನಲ್ ಟ್ರಸ್ಟು ತನ್ನ 1999ರ ಕಾಯ್ದೆ ಪ್ರಕಾರ ಒಪ್ಪೋದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ (ಈಗಿನ ಹೆಸರು ಬೌದ್ಧಿಕ ಅಂಗವೈಕಲ್ಯ), ಬಹುವಿಧ ಅಂಗವೈಕಲ್ಯ, ಈ ನಾಲ್ಕನ್ನೇ. ಅರ್ಜಿ ಕಳಿಸೋ ಮುಂಚೆ ನೀವೇ ಸ್ಕ್ರೀನ್ ನೋಡಿ. ಆಧಾರ್‌ನಲ್ಲಿರೋ ಹೆಸರು, ಹುಟ್ಟಿದ ತಾರೀಕೇ ಅರ್ಜಿಯಲ್ಲೂ ಇರಲಿ. ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅವರ ಹತ್ರ ತುಂಬಿಸಿ.

ಇನ್ನು ಅಂಗವೈಕಲ್ಯದ ಶೇಕಡಾ. ಆಸ್ಪತ್ರೆಯಲ್ಲಿ ಬುದ್ಧಿಮಟ್ಟದ ಪರೀಕ್ಷೆ ಜೊತೆ ವಿಎಸ್‌ಎಂಎಸ್ ಅಂತ ಇನ್ನೊಂದು ಮಾಡ್ತಾರೆ, ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡ್ಕೋತಾನೆ ಅಂತ ಅಳೆಯೋದು. ಅದರಲ್ಲಿ ಪ್ರಶ್ನೆ ಕೇಳೋದು ನಿಮ್ಮನ್ನ, ಶೇಕಡಾ ನಿರ್ಧಾರ ಆಗೋದೂ ಆ ಅಂಕದಿಂದಲೇ. 55ರಿಂದ 69 ಬಂದರೆ 50 ಪರ್ಸೆಂಟ್, 36ರಿಂದ 54ಕ್ಕೆ 75, 21ರಿಂದ 35ಕ್ಕೆ 90, 20ರೊಳಗೆ 100. 70 ದಾಟಿದರೆ ಬರೀ 25. ಸೌಲಭ್ಯ ಶುರುವಾಗೋದೇ 40ರಿಂದ, ಅದಕ್ಕಿಂತ ಕಡಿಮೆಗೆ ಬಿಳಿ ಕಾರ್ಡ್ ಬರುತ್ತೆ, ಅದರಿಂದ ನಿರಾಮಯ, ಪಿಂಚಣಿ ಎರಡೂ ಸಿಗಲ್ಲ. ತಾಯಂದಿರು ಪ್ರೀತಿಗೆ 'ಸ್ನಾನ ಅವನೇ ಮಾಡ್ತಾನೆ' ಅಂದುಬಿಡ್ತಾರೆ. ನೀರು ಹದ ಮಾಡಿಕೊಡೋದು ಯಾರು, ಸೋಪು ಹಚ್ಚಿಕೋ ಅಂತ ಹೇಳೋದು ಯಾರು, ಗುಂಡಿ ಹಾಕೋದು ಯಾರು, ಅದನ್ನೂ ಹೇಳಿ. ಯಾರೂ ನೆನಪಿಸದೆ, ಯಾರೂ ಕೈ ಹಾಕದೆ ಮಾಡೋದನ್ನ ಮಾತ್ರ 'ಅವನೇ ಮಾಡ್ತಾನೆ' ಅನ್ನಿ. ಹೆಚ್ಚಿಸಿ ಹೇಳೋದೂ ಬೇಡ, ಮುಚ್ಚಿಡೋದೂ ಬೇಡ. ಶಾಲೆಯ ವರದಿ, ಹಳೇ ಪರೀಕ್ಷೆಯ ಕಾಗದ, ಜೀನ್ ಪರೀಕ್ಷೆಯ ರಿಪೋರ್ಟ್ ಜೊತೆಗಿರಲಿ.

18 ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಇರುತ್ತೆ, ಆಗ ಕೊಡೋದು ಕಾಯಂ ಸರ್ಟಿಫಿಕೇಟ್. ಹಾಗಂತ ಈಗ ಸುಮ್ಮನಿರಬೇಡಿ, ಅಲ್ಲಿವರೆಗಿನದು ಮಾಡಿಸಿಕೊಳ್ಳಿ. ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚೂ ಸೇರುತ್ತೆ. ವೈದ್ಯಕೀಯ ತಪಾಸಣೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ದುಡ್ಡು ಮೊದಲು ನಾವು ಕಟ್ಟಿ ಆಮೇಲೆ ತಗೋಬೇಕು, ಹಾಗಾಗಿ ಮೂಲ ಬಿಲ್ಲು, ಡಾಕ್ಟರ ಚೀಟಿ ಎರಡನ್ನೂ ಎತ್ತಿಡಿ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತೆ, ನವೀಕರಣ ಮರೀಬೇಡಿ.

ಪಿಂಚಣಿ ತಾನಾಗಿ ಬರಲ್ಲ. ಯುಡಿಐಡಿ ಕಾರ್ಡ್ ಬಂದ ಮೇಲೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಕೊಡಬೇಕು, ಅಲ್ಲಿ ಮನೆಯ ವರಮಾನವನ್ನೂ ನೋಡ್ತಾರೆ. ಮಂಜೂರಾದರೂ ಹಣ ಬರದೆ ಇದ್ದರೆ ಮಗನ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲು ಬ್ಯಾಂಕಿನಲ್ಲಿ ಕೇಳಿ.

ಇನ್ನೊಂದು ದೊಡ್ಡ ಕೆಲಸ ಇದೆ. 18 ಆದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ, ಹೆತ್ತವರು ಅನ್ನೋ ಒಂದೇ ಕಾರಣಕ್ಕೆ ನೀವು ಅವನ ಪರವಾಗಿ ಸಹಿ ಹಾಕೋಕಾಗಲ್ಲ. ಡಿಸಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವದ ಆದೇಶ ತಗೋಬೇಕು. ಅರ್ಜಿ ಹಾಕೋದು 18 ತುಂಬಿದ ಮೇಲೆಯೇ, ಕಾಗದ ಮಾತ್ರ ಈಗಲೇ ಹೊಂದಿಸಿಡಿ.

ಸರ್ಟಿಫಿಕೇಟಿನ ಫೋಟೊ ಗುಂಪಿನಲ್ಲಿ ಹಾಕಬೇಡಿ ಅಕ್ಕಾ. ವಿಧ, ಶೇಕಡಾ, ಅವಧಿ ಮುಗಿಯೋ ತಾರೀಕು ಇಷ್ಟನ್ನ ನನಗೆ ಟೈಪ್ ಮಾಡಿ ಕಳಿಸಿ, ನೋಡಿ ಹೇಳ್ತೀನಿ.