ಮೇನ್‌ಫ್ರೇಮ್ ಐಪಿಎಲ್ (ಬೂಟ್) ಹೊತ್ತಿಗೆ ಎಸಿಎಫ್2 ಮೊದಲೋ, ಜೆಇಎಸ್2 ಮೊದಲೋ?

ಶಿರಸಿ_ಎಂವಿಎಸ್:
ಝಡ್/ಓಎಸ್ (ಐಬಿಎಂ ಮೇನ್‌ಫ್ರೇಮ್‌ನ ಓಎಸ್) ಓಡುವ ಎಲ್‌ಪಾರ್ ಒಂದರಲ್ಲಿ, ಅಂದರೆ ಮೆಷಿನ್‌ನ ಒಂದು ಪಾಲಿನಲ್ಲಿ, ಸೆಕ್ಯೂರಿಟಿಗೆ ಎಸಿಎಫ್2 ಇದೆ. ಪಾರ್ಮ್‌ಲಿಬ್‌ನ (ಸಿಸ್ಟಮ್ ಸೆಟ್ಟಿಂಗ್‌ಗಳ ಲೈಬ್ರರಿ) ಕಮಾಂಡ್ ಮೆಂಬರ್‌ನಲ್ಲಿ (ಐಪಿಎಲ್ ವೇಳೆ ತಾನಾಗೇ ಹೊರಡುವ ಕಮಾಂಡ್‌ಗಳ ಪಟ್ಟಿ) ಮೊದಲ ಸಾಲೇ ಅದರ ಸ್ಟಾರ್ಟ್. ಜಾಬ್‌ಗಳನ್ನು ನಡೆಸುವ ಜೆಇಎಸ್2 ತಾನಾಗೇ ಏಳುತ್ತದೆ. ಆದರೂ ಕೆಲವು ಐಪಿಎಲ್ ಆದ ಮೇಲೆ ಒಂದೆರಡು ಸ್ಟಾರ್ಟೆಡ್ ಟಾಸ್ಕ್‌ಗಳು (ಸ್ಟಾರ್ಟ್ ಕಮಾಂಡ್‌ನಿಂದ ಎದ್ದು ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳು) ತಮ್ಮ ಲಾಗಾನ್‌ಐಡಿ (ಎಸಿಎಫ್2 ಕೊಡುವ ಗುರುತು) ಇಲ್ಲದೆ ಓಡುತ್ತಿರುತ್ತವೆ. ಮೊದಲ ಸಾಲಲ್ಲೇ ಇದ್ದೂ ಹೀಗೇಕೆ? ಪಕ್ಕದ ಎಲ್‌ಪಾರ್‌ನ ಸೆಕ್ಯೂರಿಟಿ ಪ್ರೋಗ್ರಾಮ್ ಆದ ರ‍್ಯಾಕ್‌ಎಫ್‌ಗೆ ಈ ರಗಳೆಯೇ ಇಲ್ಲ.

ಅಘನಾಶಿನಿ:
ಮೊದಲ ಸಾಲಲ್ಲಿದ್ದದ್ದು ಮೊದಲು ಮುಗಿಯಬೇಕು ಅಂತೇನಿಲ್ಲ ಮಾರಾಯ್ರೆ. ಆ ಮೆಂಬರ್‌ನ ಸ್ಟಾರ್ಟ್‌ಗಳು ಒಂದರ ಹಿಂದೆ ಒಂದು ಹೊರಡುತ್ತವೆ, ಆದರೆ ಹಿಂದಿನದು ಎದ್ದು ನಿಲ್ಲಲಿ ಅಂತ ಮುಂದಿನದು ಕಾಯುವುದಿಲ್ಲ. ಎಸಿಎಫ್2 ತನ್ನ ಮೂರು ವಿಎಸ್‌ಎಎಂ ಫೈಲುಗಳನ್ನು, ಅಂದರೆ ಲಾಗಾನ್‌ಐಡಿ, ರೂಲ್ಸ್, ಇನ್ಫೋಸ್ಟೋರೇಜ್, ತೆರೆಯುವಷ್ಟರಲ್ಲಿ ಜೆಇಎಸ್2 ಎದ್ದಾಗಿರುತ್ತದೆ. ಭಾಗವತರು ಪದ ಎತ್ತುವ ಮೊದಲೇ ವೇಷ ರಂಗಕ್ಕೆ ನುಗ್ಗಿದ ಹಾಗೆ. ಆ ಸಂದಿಯಲ್ಲಿ ಹುಟ್ಟಿದ ಟಾಸ್ಕ್‌ಗೆ ಗುರುತು ಸಿಕ್ಕಿರುವುದಿಲ್ಲ. ಆಮೇಲೆ ಎಸಿಎಫ್2 ಎದ್ದರೂ ಅದು ಹಿಂದಿರುಗಿ ಬಂದು ಗುರುತು ಕೊಡುವುದಿಲ್ಲ, ಆ ಟಾಸ್ಕನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು.

ಮದ್ದು: ಪಾರ್ಮ್‌ಲಿಬ್‌ನ ಐಇಎಫ್‌ಎಸ್‌ಎಸ್‌ಎನ್ ಮೆಂಬರ್‌ನಲ್ಲಿ ಪ್ರೈಮರಿ ಸಬ್‌ಸಿಸ್ಟಮ್ (ಇಲ್ಲಿ ಜೆಇಎಸ್2) ಸಾಲಿಗೆ ಸ್ಟಾರ್ಟ್ ನೋ ಕೊಡಿ (ಏನೂ ಬರೆಯದಿದ್ದರೆ ಯೆಸ್ ಅಂತಲೇ ಲೆಕ್ಕ). ಕಮಾಂಡ್ ಮೆಂಬರ್‌ನಲ್ಲಿ ‘ಎಸ್ ಎಸಿಎಫ್2,ಎಸ್‌ಯುಬಿ=ಎಂಎಸ್‌ಟಿಆರ್’ ಇರಲಿ (ಎಸ್ ಅಂದರೆ ಸ್ಟಾರ್ಟ್, ಎಂಎಸ್‌ಟಿಆರ್ ಅಂದರೆ ಜೆಇಎಸ್‌ಗೆ ಕಾಯದೆ ಮಾಸ್ಟರ್ ಕೆಳಗೆ ಏಳುವುದು). ಅದು ಎದ್ದಿದೆ ಎಂಬ ಮೆಸೇಜ್ ಕನ್ಸೋಲ್‌ನಲ್ಲಿ ಕಂಡ ಮೇಲೇ ‘ಎಸ್ ಜೆಇಎಸ್2’. ಆ ಕೆಲಸ ಆಟೋಮೇಷನ್‌ಗೆ ಒಪ್ಪಿಸಿದರೂ ಸೈ.

ಕಾಳಿತೀರ:
ಆಟೋಮೇಷನ್ ಅಂದಿರಲ್ಲ, ಅದೇ ಎಸಿಎಫ್2ಗಿಂತ ಮೊದಲು ಎದ್ದರೆ ಅದಕ್ಕೂ ಗುರುತಿಲ್ಲ. ಸಣ್ಣ ಸೈಟಿಗೆ ಆಪರೇಟರ್ ಕೈಯಲ್ಲೇ ಟೈಪ್ ಮಾಡುವುದು ಲೇಸು.

ಎಂಎಸ್‌ಟಿಆರ್ ಕೆಳಗೆ ಓಡುವ ಪ್ರೊಸೀಜರ್‌ನಲ್ಲಿ (ಟಾಸ್ಕ್ ಎಬ್ಬಿಸುವ ಜೆಸಿಎಲ್ ಸಾಲುಗಳು) ಸಿಸ್‌ಔಟ್ ಡಿಡಿ, ಅಂದರೆ ಔಟ್‌ಪುಟ್ಟನ್ನು ಜೆಇಎಸ್‌ಗೆ ಕಳಿಸುವ ಸಾಲು, ಇರಕೂಡದು. ಜೆಇಎಸ್ ಇನ್ನೂ ಇಲ್ಲವಲ್ಲ. ಪ್ರೊಸೀಜರ್ ಕೂಡ ಮಾಸ್ಟರ್ ಜೆಸಿಎಲ್‌ನ ಐಇಎಫ್‌ಪಿಡಿಎಸ್‌ಐ ಸಾಲಿನ ಲೈಬ್ರರಿಯಲ್ಲೇ ಇರಬೇಕು. ಜೆಇಎಸ್2ನ ಪ್ರೊಕ್‌ಲಿಬ್‌ನಲ್ಲಿ ಮಾತ್ರ ಇಟ್ಟರೆ ಸಿಗುವುದೇ ಇಲ್ಲ.

ಇನ್ನೊಂದು ಉಪಾಯ, ‘ಎಸ್ ಜೆಇಎಸ್2,ಪಾರ್ಮ್='ವಾರ್ಮ್,ಆರ್‌ಇಕ್ಯೂ'’ ಅಂತ ಎಬ್ಬಿಸಿ. $ಹಾಸ್ಪ್400 ಮೆಸೇಜ್ ಬಂದು ನಿಲ್ಲುತ್ತದೆ. ಸೆಕ್ಯೂರಿಟಿ ಸರಿ ಇದೆಯಾ ನೋಡಿಕೊಂಡು $ಎಸ್ ಕೊಟ್ಟರೆ ಆಗ ಜಾಬ್‌ಗಳು ಹೊರಡುತ್ತವೆ.

ಅಘನಾಶಿನಿ:
ಆಟೋಮೇಷನ್ ಮಾತು ಒಪ್ಪಿದೆ. ರ‍್ಯಾಕ್‌ಎಫ್ ಬಗ್ಗೆ: ಅದನ್ನು ಯಾರೂ ಸ್ಟಾರ್ಟ್ ಮಾಡುವುದಿಲ್ಲ, ಐಪಿಎಲ್ ಒಳಗೇ ಏಳುತ್ತದೆ, ಐಸಿಎಚ್520ಐ ಮೆಸೇಜ್ ಕಂಡರೆ ಎದ್ದಂತೆ. ರ‍್ಯಾಕ್‌ಎಫ್ ಹೆಸರಿನ ಅಡ್ರೆಸ್ ಸ್ಪೇಸ್ ಬೇರೆಯೇ. ಅದು ಕನ್ಸೋಲ್‌ನಿಂದ ಕೊಡುವ ರ‍್ಯಾಕ್‌ಎಫ್ ಕಮಾಂಡ್‌ಗಳಿಗೆ, ಬೇರೆ ಸಿಸ್ಟಮ್‌ಗಳ ಜೊತೆ ಮಾತಾಡುವ ಆರ್‌ಆರ್‌ಎಸ್‌ಎಫ್‌ಗೆ. ತಡವಾದರೆ ಕಾವಲು ತಪ್ಪುವುದಿಲ್ಲ.

ಹೆದರಬೇಕಾದ್ದು ಐಸಿಎಚ್502ಎ ಮೆಸೇಜ್‌ಗೆ. ಡೇಟಾಬೇಸ್ ಹೆಸರು ಕೇಳುತ್ತದೆ. ಅವಸರದಲ್ಲಿ ‘ನನ್’ ಅಂತ ಉತ್ತರಿಸಿದಿರೋ ಫೇಲ್‌ಸಾಫ್ಟ್‌ಗೆ ಬೀಳುತ್ತೀರಿ. ಆಮೇಲೆ ಡೇಟಾಸೆಟ್ ತೆರೆಯುವಾಗೆಲ್ಲ ಬಿಡಲೋ ಬೇಡವೋ ಅಂತ ಆಪರೇಟರ್‌ನನ್ನೇ ಕೇಳುತ್ತದೆ, ಕನ್ಸೋಲ್ ಪ್ರಶ್ನೆಗಳಿಂದಲೇ ತುಂಬಿಹೋಗುತ್ತದೆ. ಬ್ಯಾಕಪ್ ಡೇಟಾಬೇಸ್ ಬೇರೆ ವಾಲ್ಯೂಮ್‌ನಲ್ಲಿಡಿ.

ಶಿರಸಿ_ಎಂವಿಎಸ್:
ಸ್ಟಾರ್ಟ್ ನೋ ಹಾಕಿ ಎಡವಟ್ಟಾದರೆ ಹಿಂದೆ ಬರುವುದು ಹೇಗೆ?

ಕಾಳಿತೀರ:
ಹಳೆಯ ಎರಡೂ ಮೆಂಬರ್‌ಗಳನ್ನು 01 ಹೆಸರಲ್ಲಿ ಉಳಿಸಿ. ಲೋಡ್‌ಪಾರ್ಮ್‌ನ (ಐಪಿಎಲ್ ಮಾಡುವಾಗ ಕೊಡುವ ಅಕ್ಷರಸಾಲು) 7ನೇ ಅಕ್ಷರ ಪ್ರಾಂಪ್ಟ್ ಕೊಡುವಂಥದ್ದಿರಲಿ. ಐಇಎ101ಎ ಮೆಸೇಜ್ ಕೇಳಿದಾಗ ‘ಆರ್ 00,ಸಿಎಂಡಿ=01,ಎಸ್‌ಎಸ್‌ಎನ್=01’. ಮತ್ತೆ, ಈ ಮಳೆಯಲ್ಲಿ ಮೊದಲ ಸಲ ಇದನ್ನು ಮನೆಯ ಬ್ರಾಡ್‌ಬ್ಯಾಂಡ್ ಮೇಲೆ ಕೂತು ಮಾಡಬೇಡಿ. ಮೆಷಿನ್ ಇರುವ ಊರಲ್ಲಿ ಕನ್ಸೋಲ್ ಮುಂದೆ ಒಬ್ಬರು ಇರಲಿ.