ಮನೆಯಲ್ಲೇ ಸಣ್ಣ ಸಂಪಾದನೆ ಶುರು ಮಾಡಬೇಕು, ಅನುಭವ ಇರುವವರು ಹೇಳಿ

ಪೆರ್ಲ ಹತ್ತಿರದಿಂದ ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡಿನ ಗಡಿ ಭಾಗದಲ್ಲಿ ಸಣ್ಣ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ತುಂಬಾ ಇಳಿದಿದೆ. ಮಗಳು ಶಾಲೆಗೆ ಹೋದ ಮೇಲೆ ಮೂರು ಗಂಟೆ ಹೊತ್ತು ನನಗೆ ಸಿಗುತ್ತದೆ. ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇದೆ, ಸಾಲ ಮಾಡುವ ಮನಸ್ಸಿಲ್ಲ. ಹಲಸಿನ ಹಪ್ಪಳ, ಅಡಿಕೆ ಹಾಳೆಯ ತಟ್ಟೆ, ಟ್ಯೂಷನ್, ಈ ಮೂರು ಯೋಚನೆಯಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್ಸಿ ಮಾಡಿದ್ದೇನೆ. ಯಾವುದನ್ನು ಮೊದಲು ಹಿಡಿಯಲಿ?

ಬದಿಯಡ್ಕ ಕಡೆಯಿಂದ:
ತಂಗೀ, ನಾನು ಹಪ್ಪಳ ಮಾಡಿ ಮಾರುತ್ತೇನೆ. ಹಾಗಾಗಿ ಅದರದ್ದೇ ಹೇಳುತ್ತೇನೆ.

ಹಪ್ಪಳ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. ಬಕ್ಕೆ, ಅಂದರೆ ಗಟ್ಟಿ ಸೊಳೆಯ ಹಲಸಿನ ಬೆಳೆದ ಕಾಯಿ ಬೇಕು, ಹಣ್ಣಾಗಲು ಬಿಡಬಾರದು. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ಹಾಕಿ ಅರೆದು, ಉಂಡೆ ಮಾಡಿ ಒತ್ತಿ, ಬಿಸಿಲಿಗೆ ಹಾಕುವುದು. ಕಷ್ಟ ಇರುವುದು ಕೆಲಸದಲ್ಲಲ್ಲ, ಸಮಯದಲ್ಲಿ. ಹಲಸು ಬೆಳೆಯುವುದೂ ಒಳ್ಳೆಯ ಬಿಸಿಲು ಸಿಗುವುದೂ ಮಾರ್ಚ್‌ನಿಂದ ಮೇ ತನಕ ಮಾತ್ರ. ಜೂನ್ ಮಳೆ ಹಿಡಿದರೆ ಆ ವರ್ಷದ ಕೆಲಸ ಮುಗಿಯಿತು. ದಿನಕ್ಕೆ ಮೂರು ಗಂಟೆ ಎಂದು ಹಂಚಿಕೊಂಡು ಮಾಡುವ ಕೆಲಸ ಇದಲ್ಲ. ಆ ಮೂರು ತಿಂಗಳು ಬೆಳಿಗ್ಗೆಯಿಂದ ಸಂಜೆ ತನಕ ಇದೇ. ಆಮೇಲೆ ಬರೀ ಮಾರಾಟ.

ಕೊಳ್ಳುವವರು ಎರಡು ಹೊತ್ತಿನಲ್ಲಿ ಬರುತ್ತಾರೆ. ಒಂದು, ಮೇ ರಜೆಗೆ ಬೆಂಗಳೂರಿನಿಂದ, ಗಲ್ಫ್‌ನಿಂದ ಊರಿಗೆ ಬಂದವರು. ವಾಪಸ್ ಹೋಗುವಾಗ ಕಟ್ಟುಗಟ್ಟಲೆ ಕೊಂಡುಹೋಗುತ್ತಾರೆ. ಎರಡು, ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆ. ಆಗ ಎಲ್ಲರಿಗೂ ಹಪ್ಪಳ ಕರಿದು ತಿನ್ನುವ ಆಸೆ, ಮಾಡಿಟ್ಟವರ ಹತ್ತಿರ ಮಾತ್ರ ಇರುತ್ತದೆ. ರೇಟು ಚೆನ್ನಾಗಿ ಸಿಗುವುದು ಆಗಲೇ. ಅರ್ಧ ಮಾಲು ಗಾಳಿಯಾಡದ ಡಬ್ಬದಲ್ಲಿ ಇಟ್ಟುಕೊಳ್ಳಿ, ಎಲ್ಲವನ್ನೂ ಮೇಯಲ್ಲೇ ಕೊಟ್ಟುಬಿಡಬೇಡಿ.

ಲೆಕ್ಕದ ಬಗ್ಗೆ ದಯವಿಟ್ಟು ಗಮನ ಕೊಡಿ. ನಮ್ಮ ಕಡೆ ಹೆಂಗಸರು ಮಾಡುವ ಕೆಲಸಕ್ಕೆ ಕೂಲಿ ಹಾಕುವ ರೂಢಿಯೇ ಇಲ್ಲ. ಹಲಸು ತೋಟದ್ದು, ಕೆಲಸ ಮನೆಯವರದ್ದು, ಬಂದದ್ದೆಲ್ಲ ಲಾಭ ಎನ್ನುತ್ತಾರೆ. ನನಗೆ ಇದನ್ನು ಕೇಳಿದರೆ ಸಂಕಟ ಆಗುತ್ತದೆ. ಒಂದು ಉದಾಹರಣೆ ನೋಡಿ. ನೂರು ಹಪ್ಪಳ, ಅಂದರೆ 25ರ ನಾಲ್ಕು ಕಟ್ಟು. ಕಾಯಿ ಕೊಯ್ಯುವವರಿಗೆ ಕೊಡುವುದೂ ಸೇರಿ ಕೂಲಿ 120 ರೂಪಾಯಿ, ಗ್ಯಾಸ್, ಮಸಾಲೆ, ಎಣ್ಣೆ 40, ಕವರು, ಲೇಬಲ್ 20 ಎಂದಿಟ್ಟುಕೊಳ್ಳಿ. ಒಟ್ಟು 180, ಒಂದು ಕಟ್ಟಿಗೆ 45. ಅದನ್ನು 60 ರೂಪಾಯಿಗೆ ಮಾರುವ ಅಂಗಡಿ ನೂರಕ್ಕೆ ಇಪ್ಪತ್ತು ಇಟ್ಟುಕೊಂಡರೆ ನಿಮಗೆ ಬರುವುದು 48. ಉಳಿಯುವುದು ಮೂರೇ ರೂಪಾಯಿ. ಅದೇ ನೇರವಾಗಿ ಕೊಟ್ಟರೆ 15 ಉಳಿಯುತ್ತದೆ. ಒಡೆದು ಹೋದದ್ದನ್ನು ಇನ್ನೂ ಲೆಕ್ಕ ಹಿಡಿದಿಲ್ಲ. ಅದಕ್ಕೇ ಹೇಳುವುದು, ಮೊದಲು ನೇರವಾಗಿ ಕೊಳ್ಳುವ ಮನೆಗಳನ್ನು ಹುಡುಕಿ, ಆಮೇಲೆ ಅಂಗಡಿ. ಪುತ್ತೂರು, ಮಂಗಳೂರು ಕಡೆ ನಡೆಯುವ ಹಲಸು ಮೇಳಗಳಲ್ಲಿ ಗಿರಾಕಿಗಳ ನಂಬರ್ ಬರೆದುಕೊಂಡರೆ ಮುಂದಿನ ವರ್ಷಕ್ಕೂ ಆಗುತ್ತದೆ.

ಮುಳ್ಳೇರಿಯ ಕಡೆಯಿಂದ:
ಹಾಳೆ ತಟ್ಟೆ ಈಗ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹತ್ತು ಸಾವಿರದಲ್ಲಿ ಒಳ್ಳೆಯ ಮೆಷಿನ್ ಬರುವುದಿಲ್ಲ. ಅಚ್ಚು ಬಿಸಿಯಾಗಲು ಕರೆಂಟು ಬೇಕು, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಇದ್ದರೆ ಇದೆ. ಮಳೆಗೆ ಬಿದ್ದ ಹಾಳೆಗೆ ಬೂಸ್ಟು ಹಿಡಿಯುತ್ತದೆ, ಬೇಸಿಗೆಯಲ್ಲೇ ಒಣ ಹಾಳೆ ಹೆಕ್ಕಿ ಗೋಡೌನಿನಲ್ಲಿ ರಾಶಿ ಹಾಕಬೇಕು. ಅದಕ್ಕೆ ಜಾಗ ಬೇಕು, ಜನ ಬೇಕು. ಜೊತೆಗೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಡಿಕೆಯಲ್ಲಿರುವ ಅಂಶಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣಕ್ಕೆ. ಎಕ್ಸ್‌ಪೋರ್ಟ್ ನಂಬಿಕೊಂಡವರಿಗೆ ಅದು ದೊಡ್ಡ ಹೊಡೆತ. ಊರಿನ ಮದುವೆ, ಪೂಜೆಗಳಿಗೆ ತಟ್ಟೆ ಬೇಕೇ ಬೇಕು, ಅದು ನಿಜ. ಆದರೆ ಅಲ್ಲಿ ಈಗಾಗಲೇ ಕೊಡುತ್ತಿರುವವರು ಇದ್ದಾರೆ.

ಕುಂಬಳೆಯಿಂದ:
ನಾನು ಟ್ಯೂಷನ್ ಪರ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳ ಕಷ್ಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಪಠ್ಯ ಕೇರಳದ್ದು, ಭಾಷೆ ಕನ್ನಡ. ಮಂಗಳೂರಿನಲ್ಲಿ ಸಿಗುವ ಕನ್ನಡ ಗೈಡು ಕರ್ನಾಟಕದ ಸಿಲೆಬಸ್‌ಗೆ ಬರೆದದ್ದು, ಇಲ್ಲಿಯ ಪಾಠಕ್ಕೆ ಹೊಂದುವುದಿಲ್ಲ. ಕೇರಳದ ಸಿಲೆಬಸ್‌ಗೆ ಹೊಂದುವ ಗೈಡು, ವಿಡಿಯೋ ಹುಡುಕಿದರೆ ಹೆಚ್ಚಿನದು ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಗಣಿತ, ಭೌತಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಎಷ್ಟು ಜನ ಇದ್ದಾರೆ ಹೇಳಿ? ನಿಮ್ಮ ಬಿಎಸ್ಸಿಗೆ ಇಲ್ಲಿ ನಿಜವಾದ ಬೆಲೆ ಇದೆ.

ನಾನು ಎಂಟನೇ ಕ್ಲಾಸಿನ ಮಕ್ಕಳಿಂದ ಶುರು ಮಾಡಿದೆ. ಹತ್ತನೆಯವರಿಗೆ ಪರೀಕ್ಷೆ ಮುಗಿದರೆ ಸಂಬಂಧ ಮುಗಿಯಿತು, ಎಂಟರವರು ಮೂರು ವರ್ಷ ಇರುತ್ತಾರೆ. ಬೇರೆಯವರ ಮನೆಗೆ ಹೋಗಿ ಹೇಳಿಕೊಡುವುದು ಬೇಡ, ದಾರಿಯಲ್ಲೇ ಹೊತ್ತು ಹೋಗುತ್ತದೆ. ಒಂದೇ ಕಷ್ಟ, ಮಕ್ಕಳು ಬಿಡುವಾಗುವುದು ಸಂಜೆ, ನಿಮಗೆ ಬಿಡುವು ಬೆಳಿಗ್ಗೆ. ಸಂಜೆ ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದಾರಾ? ಇದ್ದರೆ ಯೋಚಿಸಲು ಇನ್ನೇನೂ ಇಲ್ಲ. ಹತ್ತು ಸಾವಿರವೂ ಹಾಗೇ ಉಳಿಯುತ್ತದೆ. ಒಂದು ಬೋರ್ಡು, ಚಾಪೆ, ಒಳ್ಳೆಯ ಲೈಟು ಸಾಕು.

ಕೇಳಿದವರು:
ಅತ್ತೆ ಇದ್ದಾರೆ, ಸಂಜೆ ನೋಡಿಕೊಳ್ಳುತ್ತಾರೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ಯೂಷನ್ ಜೂನ್‌ನಿಂದ, ಹಪ್ಪಳ ಬೇಸಿಗೆ ರಜೆಯಲ್ಲಿ ಎಂದು ಮಾಡಬಹುದಾ? ಗಡಿಯ ಸಾರಡ್ಕ ದಾಟಿದರೆ ಕರ್ನಾಟಕದ ವಿಟ್ಲ, ಅಲ್ಲಿ ಪರಿಚಯದ ಅಂಗಡಿ ಇದೆ. ಹಪ್ಪಳದ ಜೊತೆ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಕೇಳುತ್ತಿದ್ದಾರೆ. ಲೈಸೆನ್ಸ್ ಏನೇನು ಬೇಕು?

ಉಪ್ಪಳದಿಂದ:
ನಾನು ಇಂತಹ ಅರ್ಜಿಗಳನ್ನು ತುಂಬಿ ಕೊಡುವ ಕೆಲಸದಲ್ಲಿದ್ದೇನೆ. ಗಡಿಯಲ್ಲಿ ಇರುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಅಕ್ಕ.

ತಿನ್ನುವ ಯಾವ ವಸ್ತು ಮಾರುವುದಾದರೂ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐಯ ನೋಂದಣಿ ಬೇಕು, ಮನೆಯಲ್ಲಿ ಮಾಡಿದರೂ ಸರಿ. ನಾನು ಮಾಡಿಸಿಕೊಟ್ಟವರಿಗೆ, ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ, ಫೀಸು ವರ್ಷಕ್ಕೆ 100 ರೂಪಾಯಿ ಇತ್ತು. ಕೇರಳ ಸರ್ಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಸರ್ಕಾರದ ಫೀಸೇ ಇಲ್ಲ, ಅದಕ್ಕೆ ಸಾವಿರ ಕೇಳುವವರ ಹತ್ತಿರ ಹೋಗಬೇಡಿ.

ಜಿಎಸ್‌ಟಿ ವಿಷಯ ಹೀಗೆ. ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಬರೀ ಹಪ್ಪಳ ಮಾರಿದರೆ ಸಾರಡ್ಕದ ಆಚೆ ಕೊಟ್ಟರೂ ಜಿಎಸ್‌ಟಿ ನೋಂದಣಿ ಬೇಡ. ಉಪ್ಪಿನಕಾಯಿಗೆ ತೆರಿಗೆ ಇದೆ. ಅದನ್ನು ಕೇರಳದ ಒಳಗೇ ಮಾರಿದರೆ ವರ್ಷಕ್ಕೆ 40 ಲಕ್ಷದ ತನಕ ನೋಂದಣಿ ಬೇಕಿಲ್ಲ. ವಿಟ್ಲದ ಅಂಗಡಿಗೆ ಕಳಿಸಿದರೆ ಅದು ಬೇರೆ ರಾಜ್ಯಕ್ಕೆ ಮಾರಿದ ಹಾಗೆ. ಆಗ ನೂರು ರೂಪಾಯಿಯ ವ್ಯಾಪಾರಕ್ಕೂ ನೋಂದಣಿ ಬೇಕಾಗುತ್ತದೆ. ಹತ್ತಿರದ ದಾರಿ ಅಲ್ವಾ ಎಂದು ಕೇಳಬೇಡಿ, ಕಾನೂನು ಹಾಗೇ ಇದೆ. ಆದ್ದರಿಂದ ವಿಟ್ಲಕ್ಕೆ ಹಪ್ಪಳ ಕೊಡಿ, ಮಿಡಿ ಉಪ್ಪಿನಕಾಯಿಯನ್ನು ಪೆರ್ಲ, ಬದಿಯಡ್ಕ, ಕಾಸರಗೋಡಿನಲ್ಲೇ ಮಾರಿ.

ಲೇಬಲ್ ಬರೀ ಕನ್ನಡದಲ್ಲಿ ಇದ್ದರೆ ಸಾಲದು. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ವಿವರ ಇರಲೇಬೇಕು. ಅದರ ಜೊತೆ ಕನ್ನಡವನ್ನೂ ದೊಡ್ಡದಾಗಿ ಹಾಕಬಹುದು, ಹಾಕಿ. ಏನೇನು ಸೇರಿಸಿದ್ದೀರಿ, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಾರೀಕು, ಎಷ್ಟು ದಿನ ಇಡಬಹುದು, ವಿಳಾಸ, ಫೋನ್, ಸಸ್ಯಾಹಾರ ಎಂದು ತೋರಿಸುವ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ನಂಬರ್ ಎಲ್ಲ ಬರಬೇಕು. ಪ್ರಿಂಟಿಗೆ ಕೊಡುವ ಮೊದಲು ನೋಂದಣಿ ನಂಬರ್ ಕೈಗೆ ಬರಲಿ. ಫೆಬ್ರವರಿಯಲ್ಲೇ ಅರ್ಜಿ ಹಾಕಿದರೆ ಮೊದಲ ಹಪ್ಪಳ ಒಣಗುವಾಗ ಲೇಬಲ್ ರೆಡಿ ಇರುತ್ತದೆ.