ಗಾಳಿಯ ಗುಣಮಟ್ಟ ‘ಮಧ್ಯಮ’ ಎಂದರೆ ಏನು?

ಬಲ್ಲವರಿಗೆ ನಮಸ್ಕಾರ.

ಕಲಬುರಗಿಯ ನಮ್ಮ ಬಡಾವಣೆಯ ಶಾಲೆಯಲ್ಲಿ ವಾಯು ಗುಣಮಟ್ಟ ಸೂಚ್ಯಂಕವನ್ನು ದಿನವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದೇವೆ. ಅಂಕಿ ಬರೆಯುವುದು ಸುಲಭ, ಅದರ ಪಕ್ಕದ ಪದದ್ದೇ ತೊಡಕು.

2014ರಲ್ಲಿ ರೂಪುಗೊಂಡ ರಾಷ್ಟ್ರೀಯ ಸೂಚ್ಯಂಕಕ್ಕೆ ಆರು ಮಟ್ಟಗಳು. ಕನ್ನಡದಲ್ಲಿ ಇವು ಉತ್ತಮ, ತೃಪ್ತಿಕರ, ಮಧ್ಯಮ, ಕಳಪೆ, ಅತಿ ಕಳಪೆ, ಗಂಭೀರ ಎಂದು ಬರುತ್ತವೆ. ನನ್ನ ತಕರಾರು ಮೂರನೆಯದರ ಮೇಲೆ. 101ರಿಂದ 200ರವರೆಗಿನ ಈ ಮಟ್ಟದಲ್ಲಿ ದಮ್ಮು ಇರುವವರಿಗೆ ಉಸಿರಾಟ ಕಷ್ಟವಾಗಬಹುದು, ಹೃದ್ರೋಗಿಗಳಿಗೂ ಮಕ್ಕಳಿಗೂ ವೃದ್ಧರಿಗೂ ತೊಂದರೆಯಾಗಬಹುದು ಎಂದು ಸೂಚ್ಯಂಕದ ವಿವರಣೆಯೇ ಹೇಳುತ್ತದೆ. ಆದರೆ ‘ಗುಣಮಟ್ಟ: ಮಧ್ಯಮ’ ಎಂದು ಓದಿದವರಿಗೆ ತೇರ್ಗಡೆಯಾದ ಹುಡುಗನ ಅಂಕಪಟ್ಟಿ ನೋಡಿದಂತೆ ಸಮಾಧಾನವಾಗುತ್ತದೆ. ಹಲಗೆಯ ಮೇಲೆ 150 ಇದ್ದ ದಿನ ಒಬ್ಬ ತಾಯಿ, “ಹಾಗಾದರೆ ಇವತ್ತು ಪರವಾಗಿಲ್ಲ ಅಲ್ಲವೇ ಸರ್?” ಎಂದು ಕೇಳಿದರು. ಅವರ ಮಗನ ಚೀಲದಲ್ಲಿ ಯಾವಾಗಲೂ ಇನ್‌ಹೇಲರ್ ಇರುತ್ತದೆ. ‘ಸಾಧಾರಣ’ ಎಂದು ಬರೆದರಂತೂ ಅಷ್ಟೂ ಕೇಳುವವರಿಲ್ಲ.

ಈ ಮಟ್ಟದ ಪೂರ್ತಿ ಹೆಸರು ‘ಮಾಡರೇಟ್ಲಿ ಪಲ್ಯೂಟೆಡ್’ ಎಂದಿತ್ತು. ಮಧ್ಯಮವಾಗಿರುವುದು ಮಾಲಿನ್ಯ, ಗುಣಮಟ್ಟವಲ್ಲ. ಮೊದಲ ಎರಡು ಪದಗಳು ಗಾಳಿಯ ಒಳ್ಳೆಯತನವನ್ನು ಅಳೆಯುತ್ತಿದ್ದರೆ ಮೂರನೆಯದು ಕೊಳೆಯನ್ನು ಅಳೆಯುತ್ತದೆ. ಅರ್ಧ ಹೆಸರು ಬಿಟ್ಟುಹೋದದ್ದರಿಂದ ಅರ್ಥವೇ ತಿರುಗಿಬಿದ್ದಿದೆ. ‘ಮಧ್ಯಮ ಮಾಲಿನ್ಯ’ ಎಂದು ಬರೆದರೆ ಸಾಕೇ, ‘ತುಸು ಕೆಟ್ಟಿದೆ’ ಎಂದೇ ಹೇಳಬೇಕೇ? ನನ್ನ ಒಲವು ಎರಡನೆಯದರ ಕಡೆಗೆ.

‘ಕಳಪೆ’ಯೂ ನನಗೆ ಒಗ್ಗುವುದಿಲ್ಲ. ಕಳಪೆ ಬೀಜ, ಕಳಪೆ ಕಾಮಗಾರಿ ಎನ್ನುತ್ತೇವೆ. ಯಾರೋ ಮೋಸ ಮಾಡಿದ ವಾಸನೆ ಆ ಪದಕ್ಕಿದೆ. ಗಾಳಿಗೆ ‘ಕೆಟ್ಟಿದೆ’ ಎನ್ನುವುದೇ ಸಹಜ. ಆದರೆ ಪದಗಳ ಸ್ಥಾನ ಬದಲಾಗಿ ‘ಕೆಟ್ಟ ಗಾಳಿ’ ಆಯಿತೋ, ನಮ್ಮ ಕಡೆಯ ಹಿರಿಯರು ದೆವ್ವದ ಸೋಂಕು ಎಂದುಕೊಳ್ಳುತ್ತಾರೆ. ‘ಗಂಭೀರ’ದ ಬದಲು ‘ತೀವ್ರ’ ಇರಲಿ ಎಂಬುದರಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ ಎನಿಸುತ್ತದೆ.

ಇನ್ನೊಂದು ಪದ ಬೇಕಾಗಿದೆ. ಮಳೆಗಾಲದಲ್ಲಿ ಖಾಲಿ ನಿವೇಶನಗಳ ತುಂಬ ಕಾಂಗ್ರೆಸ್ ಕಸ ಬಿಳಿ ಹೂ ಬಿಟ್ಟು ನಿಂತಾಗ ಅಂಕಿ 60 ಇದ್ದರೂ ಮಕ್ಕಳು ಸೀನುತ್ತಾರೆ, ಕಣ್ಣುಜ್ಜಿಕೊಳ್ಳುತ್ತಾರೆ. ಸೂಚ್ಯಂಕದಲ್ಲಿ ಎಂಟು ಮಾಲಿನ್ಯಕಾರಕಗಳಿವೆ, ಪರಾಗ ಅವುಗಳಲ್ಲಿ ಇಲ್ಲ. ಅದನ್ನು ಎಣಿಸುವ ಬಗೆಯೇ ಬೇರೆ: ಯಂತ್ರ ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ನಿಧಾನವಾಗಿ ತಿರುಗುವ ಅಂಟುಪಟ್ಟಿಗೆ ಕಣಗಳು ಹತ್ತಿಕೊಳ್ಳುತ್ತವೆ, ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಯಾವ ಗಿಡದ್ದು ಎಷ್ಟು ಎಂದು ಗುರುತಿಸಬೇಕು.

ಇದನ್ನು ಹಲಗೆಯ ಮೇಲೆ ಏನೆಂದು ಬರೆಯುವುದು? ‘ಪರಾಗರೇಣು’ ಪಠ್ಯಪುಸ್ತಕದ್ದು, ಸರಿಯಾದದ್ದು. ಆದರೆ ಪರಾಗ ಎಂದೊಡನೆ ದುಂಬಿ ನೆನಪಾಗುತ್ತದೆಯೇ ಹೊರತು ಸೀನು ನೆನಪಾಗುವುದಿಲ್ಲ. ‘ಹೂವಿನ ಧೂಳು’ ಎಲ್ಲರಿಗೂ ತಿಳಿಯುತ್ತದೆ. ಶಹಾಬಾದ್ ಕಲ್ಲಿನ ಪುಡಿ, ವಾಡಿ, ಸೇಡಂ ಕಡೆಯ ಸಿಮೆಂಟ್, ತೊಗರಿ ರಾಶಿಯ ಹೊಟ್ಟು ಎಲ್ಲವೂ ‘ಧೂಳು’ ಆಗಿರುವ ಈ ಜಿಲ್ಲೆಯಲ್ಲಿ ಅದೂ ಅದರೊಳಗೆ ಬೆರೆತುಹೋಗುವ ಭಯವಿದೆ. ಜೋಳದ ರಾಶಿ ಮಾಡುವಾಗ ಮೈಗೆ ಹತ್ತಿ ತುರಿಸುವುದಕ್ಕೆ ‘ಸುಂಕು’ ಎನ್ನುತ್ತಾರಲ್ಲ, ಅದನ್ನು ಹಿಗ್ಗಿಸಿ ‘ಹೂಸುಂಕು’ ಎನ್ನಬಹುದೇ? ಕಾಣಿಸದಷ್ಟು ಸಣ್ಣದು, ಗಿಡದಿಂದ ಬಂದದ್ದು, ಮೈಗೆ ಆಗಿಬಾರದ್ದು ಎಂಬ ಮೂರೂ ಅರ್ಥ ಅದರಲ್ಲಿದೆ.

ಬೀದರ್, ಯಾದಗಿರಿ ಕಡೆಯವರು ‘ಸುಂಕು’ ಪದವನ್ನು ತೆನೆಯ ಮುಳ್ಳಿಗೆ ಮಾತ್ರ ಬಳಸುತ್ತಾರೋ, ಹೂವಿನಿಂದ ಉದುರುವ ಪುಡಿಗೂ ಹೇಳುತ್ತಾರೋ ತಿಳಿಸಿದರೆ ಉಪಕಾರವಾಗುತ್ತದೆ. ‘ತುಸು ಕೆಟ್ಟಿದೆ’ಗಿಂತ ಚೆನ್ನಾದ ಪದ ಹೊಳೆದರೆ ಅದನ್ನೂ ದಯವಿಟ್ಟು ಬರೆಯಿರಿ.